ಅವ್ವ ಟೀವಿಯಲ್ಲಿ ಎಮ್ಮೆ ನೋಡಿದ್ದು

ನಮ್ಮ ಮನೆಯ ಗೋಡೆಗೆ ಆ ದೊಡ್ಡ ಟೀವಿ ಏರಿದ್ದು ನನ್ನ ಗಂಡನ ಹಟದಿಂದ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮನುಷ್ಯ. ಜೀವಮಾನವಿಡೀ ಕರಿಹಲಗೆಯ ಮುಂದೆ ನಿಂತವರಿಗೆ ಅದಕ್ಕಿಂತ ಸಣ್ಣದು ಯಾವುದೂ ಕಣ್ಣಿಗೆ ಹಿಡಿಸುವುದಿಲ್ಲವೆಂದು ಕಾಣುತ್ತದೆ. ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಪಡಸಾಲೆ ಮೊದಲೇ ಇಕ್ಕಟ್ಟು. ಟೀವಿ ಬಂದ ಮೇಲೆ ಗಡಿಯಾರ ಅಡುಗೆಮನೆ ಸೇರಿತು, ಪುಸ್ತಕದ ಕಪಾಟು ಮಲಗುವ ಕೋಣೆಗೆ ಹೋಯಿತು, ಬಂದ ನೆಂಟರು ಎದುರು ಗೋಡೆಗೆ ಬೆನ್ನು ಹಚ್ಚಿ ಕೂರುವಂತಾಯಿತು.

"ಇಷ್ಟ ದೊಡ್ಡದು ಎದಕ್ಕ ಬೇಕಿತ್ತರಿ? ವಾರ್ತಾ ಓದಾಕಿ ನಮ್ಮ ಮನ್ಯಾಗ ಬಂದ ನಿಂತಂಗ ಆಗತೈತಿ" ಎಂದು ನಾನು ಗೊಣಗಿದೆ.

"ಫೋನಿನ ಫೋಟೋ ಎಲ್ಲಾ ಇದರಾಗ ನೋಡಬಹುದು. ವಾಯರ್ ಬ್ಯಾಡ, ಏನ ಬ್ಯಾಡ" ಎಂದರು. ಅಷ್ಟು ಹೇಳಿ ಸುಮ್ಮನಾಗಿದ್ದರೆ ನಾನೂ ಸುಮ್ಮನಾಗುತ್ತಿದ್ದೆ. ಆದರೆ ಫೋನಿನಿಂದ ಫೋಟೋ ಗಾಳಿಯಲ್ಲಿ ಹಾರಿ ಟೀವಿಗೆ ಹೋಗಿ ಕೂರುವ ಬಗೆಯನ್ನು ಅವರು ಬಂದಬಂದವರಿಗೆಲ್ಲ ಪಾಠ ಮಾಡಿದರು. ಗ್ಯಾಸ್ ಸಿಲಿಂಡರ್ ತಂದವನೂ ಪಾಠ ಕೇಳಿಯೇ ಹೋದ. ತೋರಿಸಲು ಫೋಟೋ ಬೇಕಲ್ಲ, ಅದಕ್ಕೆ ಕಂಡದ್ದನ್ನೆಲ್ಲ ತೆಗೆಯತೊಡಗಿದರು. ಹಿತ್ತಲ ಪೇರಲಗಿಡ, ಎದುರುಮನೆಯ ಬೆಕ್ಕು, ರೊಟ್ಟಿ ಬಡಿಯುವ ನನ್ನ ಬೆನ್ನು. ಬಾಗಿಲಷ್ಟು ಅಗಲವಾಗಿ ನನ್ನ ಬೆನ್ನನ್ನು ನಾನೇ ನೋಡಿದ ದಿನದಿಂದ ರಾತ್ರಿ ಅನ್ನ ಬಿಟ್ಟಿದ್ದೇನೆ.

ಇದೆಲ್ಲದರ ನಡುವೆ ಅವ್ವ ಬಂದಳು. ನಮ್ಮ ತವರು ಖಾನಾಪುರ ದಾಟಿ ಒಳಗೆ ಹೋದರೆ ಸಿಗುವ ಒಂದು ಹಳ್ಳಿ. ಅಲ್ಲಿ ಅಣ್ಣ, ನಾನು ವೈನಿ ಎಂದು ಕರೆಯುವ ಅತ್ತಿಗೆ, ಅವರ ಮಗಳು ಇದ್ದಾರೆ. ಅವ್ವನೂ ಅವರ ಜೊತೆಯೇ ಇರುವವಳು. ಎರಡೂ ಮೊಣಕಾಲು ಸವೆದು ಕೂರಲು ಏಳಲು ಆಗದೆ, ಬೆಳಗಾವಿಯಲ್ಲಿ ಆಪರೇಷನ್ ಮಾಡಿಸಿಕೊಂಡು ನಮ್ಮ ಮನೆಗೆ ಬಂದಿದ್ದಳು. ವಾಕರ್ ಹಿಡಿದು ಪಡಸಾಲೆಯಲ್ಲಿ ನಡೆಯಬೇಕು, ಮೆಟ್ಟಿಲು ಹತ್ತಬಾರದು, ಕೆಸರು ತುಳಿಯಬಾರದು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ಮಳೆಗಾಲದಲ್ಲಿ ನಮ್ಮೂರಿನಲ್ಲಿ ಕೆಸರು ಬಿಟ್ಟರೆ ತುಳಿಯಲು ಬೇರೇನೂ ಇರುವುದಿಲ್ಲ. ಹಾಗಾಗಿ ಮಳೆ ಕಡಿಮೆಯಾಗುವ ತನಕ ಅವ್ವ ನಮ್ಮಲ್ಲೇ.

ಫೋನಿನಲ್ಲಿ ಯಾರು ಯಾವ ಫೋಟೋ ತೋರಿಸಿದರೂ ಅವ್ವ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, "ಚಂದ ಐತಿ" ಎನ್ನುತ್ತಿದ್ದಳು. ಒಮ್ಮೆ ಕರೆಂಟ್ ಬಿಲ್ಲಿನ ಫೋಟೋಕ್ಕೂ ಹಾಗೇ ಅಂದಳು. ಆಮೇಲೆ ನನ್ನ ಕಿವಿಯಲ್ಲಿ, "ನನಗೇನ ಕಾಣಾಂಗಿಲ್ಲವಾ, ಇರಿವಿ ಹರದಾಡಿದಂಗ ಕಾಣತೈತಿ. ತೋರಸಿದವರಿಗೆ ಬ್ಯಾಸರ ಆಗಬಾರದಲ್ಲ" ಎಂದಳು. ಅಂಥವಳನ್ನು ನನ್ನ ಗಂಡ ಟೀವಿಯ ಎದುರು ಕುರ್ಚಿ ಹಾಕಿ ಕೂರಿಸಿ, ಮೊಮ್ಮಗಳ ಫೋಟೋ ಗೋಡೆಯ ತುಂಬ ಬಿಟ್ಟರು. ಅವ್ವ ಬಾಯಿ ತೆರೆದು ನೋಡಿದಳು. "ಅಳಿಯಂದ್ರ, ಇದರ ಗದ್ದದ ಮ್ಯಾಲ ಮಚ್ಚಿ ಐತೆಲ್ರೀ! ನನಗ ಗೊತ್ತ ಇರಲಿಲ್ಲ" ಎಂದು ಕೂಗಿಬಿಟ್ಟಳು. ಅವತ್ತಿನಿಂದ ನಾನು ಟೀವಿಯ ಮೇಲೆ ಗೊಣಗುವುದನ್ನು ಬಿಟ್ಟೆ.

ಈಗ ನಮ್ಮ ಮನೆತನದ ಒಂದು ಪದ್ಧತಿ ಹೇಳಬೇಕು. ನಮ್ಮದು ದನ ಕಾಯ್ದು ಬಂದ ವಂಶ. ಅಪ್ಪನ ಕಾಲಕ್ಕೆ ಹೊಲ ಬಂತು, ನನ್ನ ಕಾಲಕ್ಕೆ ನೌಕರಿ ಬಂತು, ಆದರೂ ಮನೆಯ ಮಾತೆಲ್ಲ ಇವತ್ತಿಗೂ ಎಮ್ಮೆ ಆಕಳುಗಳ ಸುತ್ತಲೇ. ಹೊಸ ದನ ತಂದರೆ ಅದನ್ನು ಸೀದಾ ಕೊಟ್ಟಿಗೆಗೆ ಹೊಡೆದುಕೊಂಡು ಬರುವಂತಿಲ್ಲ. ಅಂಗಳದ ಹೊರಗೆ, ಬೀದಿಯಲ್ಲಿ ನಿಲ್ಲಿಸಬೇಕು. ಮನೆಯ ಹಿರಿಯ ಹೆಂಗಸು ಬಂದು ಅದರ ಕಾಲಿಗೆ ನೀರು ಹಾಕಿ, ಹಣೆಯಿಂದ ಬಾಲದ ತನಕ ಕೈಯಾಡಿಸಿ ನೋಡುತ್ತಾಳೆ. ಮುಖ್ಯವಾಗಿ ಸುಳಿ ನೋಡುತ್ತಾಳೆ, ಅಂದರೆ ಮೈಮೇಲಿನ ಕೂದಲು ಸುತ್ತಿಕೊಂಡ ಜಾಗ. ಊರಿಂದ ಊರಿಗೆ ಈ ಶಾಸ್ತ್ರ ಬೇರೆ. ನಮ್ಮ ಮನೆಯಲ್ಲಿ ಬಲ ಹೆಗಲಿನ ಸುಳಿ ಒಳ್ಳೆಯದು, ಎಡ ಹೆಗಲಿನ ಸುಳಿ ಬೇಡವೇ ಬೇಡ. ಎಲ್ಲ ಸರಿಯಿದ್ದರೆ ಅವಳು ಕೊಟ್ಟಿಗೆಯ ಬಾಗಿಲಲ್ಲಿ ನಿಂತು "ಬಾ" ಎಂದು ಕರೆಯುತ್ತಾಳೆ. ಆಗ ದನ ಒಳಗೆ ಬರುತ್ತದೆ. ಕರೆಯದಿದ್ದರೆ ಬಂದ ದಾರಿ ಹಿಡಿದು ತಿರುಗಿ ಹೋಗುತ್ತದೆ.

ಅಜ್ಜಿ ಹೋದ ಮೇಲೆ ಆ ಕೆಲಸ ಅವ್ವನ ಪಾಲಿಗೆ ಬಂದಿತ್ತು. ಅಪ್ಪ ಸಂತೆಯಿಂದ ಎದೆಯುಬ್ಬಿಸಿ ಹೊಡೆದುಕೊಂಡು ಬಂದ ಎಮ್ಮೆಯನ್ನು ಒಮ್ಮೆ ಅವ್ವ ಒಲ್ಲೆ ಎಂದದ್ದು, ಅಪ್ಪ ಮುಖ ಊದಿಸಿಕೊಂಡು ಅದನ್ನು ವಾಪಸು ಕರೆದೊಯ್ದದ್ದು ನನಗೆ ಚೆನ್ನಾಗಿ ನೆನಪಿದೆ. ಹೊಲ, ಬೀಜ, ಮದುವೆ, ಮುಂಜಿ ಯಾವುದರಲ್ಲೂ ಅವ್ವನನ್ನು ಯಾರೂ ಕೇಳುತ್ತಿರಲಿಲ್ಲ. ದನದ ವಿಷಯ ಒಂದರಲ್ಲಿ ಮಾತ್ರ ಅವಳ ಮಾತು ಮೀರಲು ಯಾರಿಗೂ ಧೈರ್ಯವಿರಲಿಲ್ಲ. ಆ ಒಂದು ಮಾತಿನ ಮೇಲೆ ಆ ಮನೆಯಲ್ಲಿ ಅವಳು ತಲೆಯೆತ್ತಿ ಬಾಳಿದಳು.

ಹಾಗಾಗಿ ಒಂದು ಸಂಜೆ ಅಣ್ಣ ಫೋನು ಮಾಡಿ, "ಅವ್ವಾ, ಒಂದ ಎಮ್ಮಿ ನೋಡೀನಿ. ನದಿ ಆಚಿ ಊರಾಗ ಐತಿ. ನೀ ಹ್ಞೂ ಅಂದ್ರ ತರ್ತೀನಿ, ಫೋಟೋ ಕಳಸ್ಲೇನ?" ಎಂದಾಗ ಅವ್ವನ ಮುಖ ನೋಡಬೇಕಿತ್ತು. ಮೊಣಕಾಲಿನ ನೋವು ಎಲ್ಲಿ ಹೋಯಿತೋ. ಮುಖ ತೊಳೆದು, ಹಣೆಗಿಟ್ಟುಕೊಂಡು, ಸೆರಗು ಸರಿಮಾಡಿಕೊಂಡು ಟೀವಿಯ ಮುಂದೆ ಕೂತಳು. ಕನ್ಯೆ ನೋಡಲು ಬಂದ ಬೀಗತಿಯ ಗತ್ತು.

ಮೊದಲ ಫೋಟೋ ಬಂತು. ಕರಿ ಎಮ್ಮೆ, ಕರಿ ಹಿನ್ನೆಲೆ. ಎರಡು ಕಣ್ಣು ಮಾತ್ರ ಹೊಳೆಯುತ್ತಿದ್ದವು. ನನ್ನ ಗಂಡನಿಗೆ ತಮ್ಮ ವಿದ್ಯೆ ತೋರಿಸಲು ಸಮಯ ಸಿಕ್ಕಿತು. ರಿಮೋಟ್ ಹಿಡಿದು ಬೆಳಕು ಹೆಚ್ಚು ಮಾಡಿದರು, ಬಣ್ಣ ಏರಿಸಿದರು. ಎಮ್ಮೆ ನೀಲಿಯಾಯಿತು. ಇನ್ನೊಂದು ಗುಂಡಿ ಒತ್ತಿದಾಗ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು.

"ಅಳಿಯಂದ್ರ, ಎಮ್ಮಿ ಎಮ್ಮಿ ಬಣ್ಣದಾಗ ಇರ್ಲಿ ಬಿಡ್ರಿ" ಎಂದಳು ಅವ್ವ.

ಎಮ್ಮೆ ಮತ್ತೆ ಕಪ್ಪಾಯಿತು. ಅವ್ವ ಒಂದೊಂದೇ ಫೋಟೋ ನೋಡಿದಳು. ಮುಖ ನೋಡಿ, "ಕಣ್ಣಾಗ ಸಿಟ್ಟಿಲ್ಲ" ಎಂದಳು. ಕೆಚ್ಚಲು ನೋಡಿ, "ನಾಕೂ ಒಂದ ಸಮ ಅದಾವ" ಎಂದಳು. ಗೊರಸು ದೊಡ್ಡದು ಮಾಡಿ ತೋರಿಸಿರೆಂದಳು, ಬಾಲದ ತುದಿ ತೋರಿಸಿರೆಂದಳು. ನಮ್ಮ ಪಡಸಾಲೆಯ ಗೋಡೆಯ ತುಂಬ ಎಮ್ಮೆಯ ಕೆಚ್ಚಲು ಹರಡಿದ್ದಾಗಲೇ ಬಾಜೂಮನೆಯವರು ಏನೋ ಕೇಳಲು ಬಂದರು. ಬಾಗಿಲಲ್ಲೇ ನಿಂತು ನೋಡಿ, ಆಮೇಲೆ ಬರುತ್ತೇನೆಂದು ಹೊರಟುಹೋದರು. ಅವ್ವನಿಗೆ ಅದರ ಖಬರೇ ಇರಲಿಲ್ಲ.

"ಎಲ್ಲಾ ಬರೋಬ್ಬರಿ ಐತಿ. ಹೆಗಲ ಕಾಣವಲ್ದು" ಎಂದಳು. ಮಳೆಗೆಂದು ಎಮ್ಮೆಯ ಮೇಲೆ ಗೋಣಿತಾಟು ಹೊದಿಸಿದ್ದರು. ನಾನು ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದೆ. ಅಣ್ಣ, ಮಗಳ ಕಡೆ ಇನ್ನೊಂದು ಫೋಟೋ ಇದೆ, ಕಳಿಸುತ್ತೇನೆ ಎಂದ. ಬಂತು. ಅದು ಅವಳು ಎಮ್ಮೆಯ ಜೊತೆ ತೆಗೆದುಕೊಂಡ ಸೆಲ್ಫಿ. ಮುಂದೆ ಹಲ್ಲು ಕಿಸಿದ ಹುಡುಗಿ, ಅವಳ ಭುಜದ ಮೇಲಿಂದ ಇಣುಕುವ ಎಮ್ಮೆ, ಗೋಣಿತಾಟಿಲ್ಲದ ಹೆಗಲು. ಆ ಹೆಗಲಿನ ಮೇಲೆ ರೂಪಾಯಿ ಅಗಲದ ಸುಳಿ. ಫೋನಿನಲ್ಲಿ ಅದು ಯಾರಿಗೂ ಕಾಣುತ್ತಿರಲಿಲ್ಲ. ಟೀವಿಯಲ್ಲಿ ಕೂದಲು ಸುತ್ತಿದ್ದು ಎಣಿಸಬಹುದಿತ್ತು.

ಅವ್ವ ಬಹಳ ಹೊತ್ತು ನೋಡಿದಳು. "ತಮ್ಮಾ, ಸುಳಿ ಎಡಕ್ಕ ಐತಲ್ಲೋ. ಬ್ಯಾಡ" ಎಂದಳು. ಅವಳಿಗೂ ಸಂಕಟವಾಗಿತ್ತು.

"ಎಡಕ್ಕ? ಇಲ್ಲ ಬೇ, ಬಲಕ್ಕ ಐತಿ" ಎಂದ ಅಣ್ಣ.

"ಗ್ವಾಡಿ ತುಂಬ ನೋಡಾಕತ್ತೀನಿ, ನನಗ ಹೇಳ್ತಿ?"

"ಯಾರ ಎಡ? ನಿನ್ನ ಎಡಾನೋ, ಎಮ್ಮಿ ಎಡಾನೋ?"

"ಎಮ್ಮಿ ಎಡ! ನಿಮ್ಮಪ್ಪ ಸೈತ ನನಗ ಈ ಪ್ರಶ್ನಿ ಕೇಳಿರಲಿಲ್ಲ."

"ತಡಿ, ನೋಡ್ಕೊಂಡ ಬರ್ತೀನಿ" ಎಂದ. ಚಪ್ಪಲಿಯ ಸಪ್ಪಳ ಕೇಳಿಸಿತು, ಯಾವುದೋ ಬಾಗಿಲು ಕಿರುಗುಟ್ಟಿತು, ತಿರುಗಿ ಬಂದು ಏದುಸಿರು ಬಿಡುತ್ತ, "ಖರೇನ ಬಲಕ್ಕ ಐತಿ. ಈಗ ನೋಡಿ ಬಂದೆ" ಎಂದ.

ನನ್ನ ಗಂಡ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. "ಎಲ್ಲಿ ಹೋಗಿ ನೋಡಿ ಬಂದಿ?" ಎಂದು ಅವ್ವ ಮೆಲ್ಲಗೆ ಕೇಳಿದಳು. "ಎಮ್ಮಿ ನದಿ ಆಚಿ ಊರಾಗ ಐತಿ ಅಂದಿದ್ದೆಲ್ಲ?"

ಅಣ್ಣ ನಾಲಿಗೆ ಕಚ್ಚಿಕೊಂಡದ್ದು ಬೆಳಗಾವಿಗೇ ಗೊತ್ತಾಯಿತು. ಅವ್ವ ವಾಕರ್ ಹಿಡಿದು ಎದ್ದು ಟೀವಿಯ ಹತ್ತಿರ ಹೋದಳು. ಈಗ ಅವಳು ಎಮ್ಮೆಯನ್ನು ನೋಡಲಿಲ್ಲ, ಅದರ ಹಿಂದಿನ ಕತ್ತಲನ್ನು ನೋಡಿದಳು. ಅಲ್ಲಿ ಮೇವು ಹಾಕುವ ಕಲ್ಲಿನ ಗ್ವಾದಲಿ ಕಾಣುತ್ತಿತ್ತು, ಅದರ ಒಂದು ಮೂಲೆ ಒಡೆದಿತ್ತು, ಒಡೆದಲ್ಲಿ ಸಿಮೆಂಟು ಮೆತ್ತಿತ್ತು. ಆ ಸಿಮೆಂಟು ಮೆತ್ತಿದವಳು ಅವ್ವನೇ.

"ನಮ್ಮ ಗ್ವಾದಲಿ" ಎಂದಳು. "ತಂದ ಕಟ್ಟಿ ಕೇಳಾಕತ್ತೀರಿ ನನ್ನ. ಆತ ಬಿಡು. ಅಳಿಯಂದ್ರ, ಟೀವಿ ಬಂದ್ ಮಾಡ್ರಿ."

ಅವ್ವ ಅತ್ತಿದ್ದರೆ, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮರುದಿನ ಟೀವಿಯ ಮುಂದೆ ಹಾಕಿದ್ದ ತನ್ನ ಕುರ್ಚಿಯನ್ನು ಕಿಟಕಿಯ ಕಡೆ ಸರಿಸಿಕೊಂಡಳು. ವ್ಯಾಯಾಮ ಮಾಡಿಸುವ ಹುಡುಗಿ ಶಹಾಪುರದಿಂದ ಸ್ಕೂಟರ್ ಮೇಲೆ ಬರುತ್ತಿದ್ದಳು. ಇನ್ನಷ್ಟು ಕಾಲು ಮಡಚಿರಿ ಅಂದರೆ ಅವಳಿಗೆ, "ಮಡಚಿ ಎಲ್ಲಿಗೆ ಹೋಗೂದೈತಿ" ಎಂದಳು. ಅವ್ವನ ಅನುಮಾನ ನನಗೆ ಅರ್ಥವಾಯಿತು. ಎಮ್ಮೆಯನ್ನು ಕೇಳದೆ ತಂದರು ಎಂಬುದಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಸುಳಿ ಎಡಕ್ಕಿದ್ದರೂ ಬಲಕ್ಕಿದೆ ಎಂದು ಹೆತ್ತ ಮಗ ಸುಳ್ಳು ಹೇಳಿದ ಎಂದೇ ಅವಳು ನಂಬಿದ್ದಳು. ತನ್ನ ಕಣ್ಣಿಗೂ ಬೆಲೆ ಇಲ್ಲ, ಬಾಯಿಗೂ ಬೆಲೆ ಇಲ್ಲ, ಕಾಲು ಹೋದದ್ದರ ಜೊತೆ ಆ ಮನೆಯೂ ಹೋಯಿತು ಎಂದು ಅವಳ ಲೆಕ್ಕ.

ನನ್ನ ಸಿಟ್ಟು ಎಂಥದೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಹಿತ್ತಲಿಗೆ ಹೋಗಿ ಅಣ್ಣನಿಗೆ ಫೋನು ಮಾಡಿ ಚೆನ್ನಾಗಿ ಝಾಡಿಸಿದೆ. ಅಷ್ಟು ದೊಡ್ಡ ಮನುಷ್ಯ, ಪಂಚಾಯ್ತಿಯಲ್ಲಿ ಮೇಜು ಗುದ್ದಿ ಮಾತಾಡುವವನು, ಎಲ್ಲವನ್ನೂ ಕೇಳಿಸಿಕೊಂಡ.

"ನಾ ಆರಿಸಿದ್ದಲ್ಲ ತಂಗಿ" ಎಂದ ಕೊನೆಗೆ. "ನಿಮ್ಮ ವೈನಿ ಆರಿಸಿದ್ದು. ನದಿ ಆಚಿ ಡೇರಿಗೆ ಹಾಲ ಹಾಕಾಕ ಹೋದಾಗ ಅಲ್ಲೊಂದ ಮರಾಠಿ ಮನ್ಯಾಗ ನೋಡಿ ಬಂದಾಳ. ಅದನ್ನ ಒಯ್ಯಾಕ ಬ್ಯಾರೇದವರ ಗಾಡಿ ಬಂದ ನಿಂತಿತ್ತಂತ, ಇವತ್ತ ತರೂಣು ಅಂದ್ಲು. ಇಷ್ಟ ವರ್ಷದಾಗ ಆಕಿ ಇದ ಬೇಕು ಅಂತ ಬಾಯಿ ಬಿಟ್ಟ ಕೇಳಿದ್ದು ಇದೊಂದ. ನಾ ಹೆಂಗ ಒಲ್ಲೆ ಅನ್ಲಿ? ಅವ್ವ ಬ್ಯಾಸರ ಮಾಡ್ಕೋಬಾರದು ಅಂತ ಹಂಗ ಹೇಳಿದೆ."

"ಮತ್ತ ಸುಳಿ?"

"ನಿನ್ನ ಆಣಿ, ಬಲಕ್ಕ ಐತಿ."

ನನ್ನ ಸಿಟ್ಟು ಅಲ್ಲೇ ಇಳಿಯಿತು. ವೈನಿ ನದಿಯಾಚೆಯ ಮರಾಠಿ ಮನೆಯ ಹುಡುಗಿ. ನಮ್ಮ ಮನೆಗೆ ಮದುವೆಯಾಗಿ ಬಂದಾಗ ಅವಳಿಗೆ ಕನ್ನಡದ ಒಂದು ಮಾತೂ ಬರುತ್ತಿರಲಿಲ್ಲ. ಖಾನಾಪುರದ ಕಡೆ ಅದೇನು ದೊಡ್ಡ ವಿಷಯವಲ್ಲ. ಪೇಟೆಯಲ್ಲಿ ಒಂದು ಅಂಗಡಿಯಲ್ಲಿ ಕನ್ನಡ, ಬಾಜೂ ಅಂಗಡಿಯಲ್ಲಿ ಮರಾಠಿ ಮಾತಾಡಿಕೊಂಡು ಎಲ್ಲರೂ ಸಂತೆ ಮಾಡುತ್ತಾರೆ. ಆದರೆ ನಮ್ಮ ಮನೆಯೊಳಗೆ ಅವ್ವನದು ಕನ್ನಡ. ಸಗಣಿ, ಹಿಂಡಿ, ಮೇವು, ಚರಿಗೆ ಎಂದು ಕೊಟ್ಟಿಗೆಯಲ್ಲೇ ಅವಳಿಗೆ ಕನ್ನಡ ಕಲಿಸಿದವಳು ಅವ್ವ. ಕಲಿತ ಮೇಲೂ ವೈನಿ ಹೆಚ್ಚು ಮಾತಾಡಿದವಳಲ್ಲ. ಎರಡು ಹೊತ್ತೂ ಹಾಲು ಹಿಂಡುತ್ತಿದ್ದವಳು ಅವಳೇ, ಆದರೆ ಯಾವ ಎಮ್ಮೆ ಬೇಕು ಎಂದು ಅವಳನ್ನು ಯಾರೂ ಕೇಳಿದ್ದಿಲ್ಲ. ಅವ್ವ ಕೇಳಿದ್ದಿಲ್ಲ, ಅಣ್ಣ ಕೇಳಿದ್ದಿಲ್ಲ, ಹಬ್ಬಕ್ಕೆ ಹೋಗಿ ಗಟ್ಟಿ ಮೊಸರು ಉಂಡು ಬರುವ ನಾನೂ ಕೇಳಿದ್ದಿಲ್ಲ.

ಸುಳಿಯ ಗೊಂದಲ ಮಾತ್ರ ತಲೆಯಲ್ಲಿ ಕೊರೆಯುತ್ತಿತ್ತು. ಅಣ್ಣ ಆಣೆ ಮಾಡಿದ್ದಾನೆ, ಆದರೆ ನಾನೂ ಕಣ್ಣಾರೆ ನೋಡಿದ್ದೇನೆ, ಎಡಕ್ಕಿತ್ತು. ನಮ್ಮ ಟೀವಿಗೆ ಒಂದು ಚಾಳಿ: ಯಾರೂ ಮುಟ್ಟದಿದ್ದರೆ ಕೆಲ ಹೊತ್ತಿನ ಮೇಲೆ ತಾನೇ ಒಂದೊಂದು ಫೋಟೋ ತೋರಿಸುತ್ತ ಕೂರುತ್ತದೆ. ಒಂದು ಮಧ್ಯಾಹ್ನ ನಾನು ಬೆಳ್ಳುಳ್ಳಿ ಸುಲಿಯುತ್ತ ಕೂತಾಗ ಪೇರಲಗಿಡ ಬಂತು, ಬೆಕ್ಕು ಬಂತು, ಆಮೇಲೆ ಅಣ್ಣನ ಮಗಳು ಎಮ್ಮೆಯ ಜೊತೆ ಬಂದಳು. ಎಲ್ಲರೂ ಎಮ್ಮೆಯನ್ನೇ ನೋಡಿದ್ದೆವು. ಅವತ್ತು ನಾನು ಹುಡುಗಿಯ ಮುಖ ನೋಡಿದೆ. ಅವಳ ಮೂಗುಬೊಟ್ಟು ಬಲಕ್ಕಿತ್ತು.

ಅದು ಬಲಕ್ಕಿರಲು ಸಾಧ್ಯವೇ ಇಲ್ಲ. ಮೂಗು ಚುಚ್ಚಿಸುವಾಗ ಅವಳು ಕಾಲು ಬಡಿದು ಅತ್ತಾಗ ಅವಳ ತಲೆ ಹಿಡಿದು ಕೂತವಳು ನಾನೇ, ಎಡಕ್ಕೇ ಚುಚ್ಚಿದ್ದು. ಬೆಳ್ಳುಳ್ಳಿ ಅಲ್ಲೇ ಬಿಟ್ಟು ಗಂಡನನ್ನು ನಿದ್ದೆಯಿಂದ ಎಬ್ಬಿಸಿದೆ. ಅವರು ಕಣ್ಣುಜ್ಜಿಕೊಂಡು ನೋಡಿ ಹಣೆ ಹಣೆ ಬಡಿದುಕೊಂಡರು. "ಸೆಲ್ಫಿ! ಮುಂದಿನ ಕ್ಯಾಮೆರಾದಾಗ ತಗದದ್ದು. ಕೆಲವು ಫೋನಿನ್ಯಾಗ ಅದು ಕನ್ನಡಿ ಇದ್ದಂಗ, ಎಡ ಬಲ ಆಗತೈತಿ, ಬಲ ಎಡ ಆಗತೈತಿ. ಗಣಿತ ಕಲಿಸಿದಾವ ನಾ, ನನಗ ತಿಳೀಲಿಲ್ಲ ನೋಡು!"

ಅವ್ವನಿಗೆ ಬಾಯಲ್ಲಿ ಹೇಳಿದರೆ ನಂಬುವವಳಲ್ಲ. ಕಿಟಕಿಯ ಬಳಿ ಕೂತಿದ್ದವಳ ಪಕ್ಕ ಹೋಗಿ ಕೂತು, ಕೆನ್ನೆಗೆ ಕೆನ್ನೆ ಹಚ್ಚಿ, ಮೊಮ್ಮಗಳ ಫೋನಿನದೇ ಕಂಪನಿಯ ನನ್ನ ಫೋನಿನಲ್ಲಿ ಒಂದು ಸೆಲ್ಫಿ ತೆಗೆದೆ. ಅದನ್ನು ಟೀವಿಗೆ ಹಾಕಿದೆವು. ಅವ್ವ ತಿರುಗಿ ನೋಡಿದಳು. ಗೋಡೆಯ ಮೇಲೆ ಅವಳಷ್ಟೇ ದೊಡ್ಡ ಅವಳು. ಮೂಗಿನ ನತ್ತು ಬಲಕ್ಕೆ, ಎಡಗೆನ್ನೆಯ ಕಲೆಯೂ ಬಲಕ್ಕೆ. ಅವ್ವ ಕೈಯೆತ್ತಿ ತನ್ನ ಮೂಗು ಮುಟ್ಟಿ ನೋಡಿಕೊಂಡಳು, ಎಡಕ್ಕೇ ಇತ್ತು. ಮತ್ತೆ ಟೀವಿ ನೋಡಿದಳು. ಮತ್ತೆ ಮೂಗು ಮುಟ್ಟಿಕೊಂಡಳು.

"ಹಂಗಾದ್ರ ಎಮ್ಮಿದು?"

"ಬಲಕ್ಕ ಐತಿ ಬೇ. ಅಣ್ಣ ಸುಳ್ಳ ಹೇಳಿಲ್ಲ."

ಅವಳ ಮುಖದ ಬಿಗಿ ಸಡಿಲವಾದದ್ದು ನನಗೆ ಕಾಣಿಸಿತು. "ಯವ್ವಾ, ಒಳ್ಳೇ ಜೀವಕ್ಕ ಎಡಸುಳಿ ಅಂದೆನಲ್ಲ ನಾ" ಎಂದು ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಗಲೇ ನಾನು ಉಳಿದದ್ದನ್ನೂ ಹೇಳಿಬಿಟ್ಟೆ. ಎಮ್ಮೆ ಆರಿಸಿದವಳು ವೈನಿ ಎಂದೆ. ಅವ್ವ ಸಿಟ್ಟಾಗುತ್ತಾಳೆಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಅವಳು ಸಿಟ್ಟಾಗಲಿಲ್ಲ. "ಆಕೀನಾ?" ಎಂದಳು. ನನ್ನ ಕಡೆ ತಿರುಗಿ, "ಆಕಿ ಏನರೆ ಬೇಕು ಅಂದದ್ದ ನಾ ಕೇಳೇ ಇಲ್ಲ" ಎಂದಳು.

ಅಣ್ಣನಿಗೆ ಫೋನು ಮಾಡಿ ಎಲ್ಲ ಸರಿಹೋಯಿತು, ಸೆಲ್ಫಿಯದ್ದೇ ತಪ್ಪು ಎಂದರೆ ಅವನಿಗೆ ಖುಷಿಯಾಗಲಿಲ್ಲ. ಊರಲ್ಲಿ ಬೇರೆಯದೇ ನಡೆದಿತ್ತು. ಅವ್ವ ಟೀವಿ ಬಂದ್ ಮಾಡಿಸಿದ ಸಂಜೆಯೇ ವೈನಿ ಎಮ್ಮೆಯನ್ನೂ ಅದರ ಕರುವನ್ನೂ ಕೊಟ್ಟಿಗೆಯಿಂದ ಬಿಚ್ಚಿಕೊಂಡು ಹೋಗಿ ಬಾಜೂಮನೆಯ ತಗಡಿನ ಶೆಡ್ಡಿನಲ್ಲಿ ಕಟ್ಟಿದ್ದಳು. ಹೊತ್ತು ಹೊತ್ತಿಗೆ ಹೋಗಿ ಮೇವು ಹಾಕುತ್ತಾಳೆ, ಮೈ ತಿಕ್ಕುತ್ತಾಳೆ, ಹಾಲು ಮಾತ್ರ ಹಿಂಡುವುದಿಲ್ಲ, ಹಿಂಡಲು ಆ ಮನೆಯವರನ್ನೇ ಕರೆಯುತ್ತಾಳೆ. ಸುಳಿ ಬಲಕ್ಕಿದೆಯೆಂದು ಅವ್ವ ಒಪ್ಪಿದ್ದಾಳೆ ಎಂದರೂ ಒಳಗೆ ತರಲು ತಯಾರಿಲ್ಲ. "ಅತ್ಯಾ ಕರದಿಲ್ಲ" ಎನ್ನುವುದು ಒಂದೇ ಮಾತು.

ನನ್ನ ಗಂಡ ಉಪಾಯ ಹೇಳಿದರು. "ಲೈವ್ ಹಾಕೂಣ್ರಿ ಅತ್ತಿ. ಎಮ್ಮಿ ಅಲ್ಲಿ ನಿಲ್ಲಸ್ಲಿ, ನಿಮಗ ಟೀವ್ಯಾಗ ಕಾಣತೈತಿ. ನೀವು ಇಲ್ಲಿಂದ 'ಬಾ' ಅನ್ರಿ, ಅದಕ್ಕ ಅಲ್ಲಿ ಕೇಳತೈತಿ."

"ಚಂದ ಕಾಣತೈತ್ರಿ ನಿಮ್ಮ ಟೀವ್ಯಾಗ" ಎಂದಳು ಅವ್ವ. "ಆದ್ರ ಮೈ ಬೆಚ್ಚಗ ಐತೋ ತಣ್ಣಗ ಐತೋ ಹೆಂಗ ತಿಳೀಬೇಕು? ಮುಟ್ಟಿದ್ರ ಚರ್ಮ ನಡಗತೈತೋ ಇಲ್ಲೋ ಹೆಂಗ ತಿಳೀಬೇಕು? ನಾನ ಹೋಗ್ತೀನಿ." ಅಂದು ಸಂಜೆ ವ್ಯಾಯಾಮದ ಹುಡುಗಿ ಹೇಳಿದ್ದಕ್ಕಿಂತ ಹೆಚ್ಚು ಕಾಲು ಮಡಚಿದಳು. ನೋವಿಗೆ ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ.

ಮಳೆ ಸ್ವಲ್ಪ ಹೊಳವಾಗಿ, ಡಾಕ್ಟರು ಮುಖ ಗಂಟು ಹಾಕಿಕೊಂಡೇ ಒಪ್ಪಿದ ಮೇಲೆ ಒಂದು ಮುಂಜಾನೆ ಕಾರಿನಲ್ಲಿ ಹೊರಟೆವು. ಅವ್ವ ಮೊದಲು ರವಿವಾರ ಪೇಟೆಗೆ ಹೊಡೆಯಿರಿ ಎಂದಳು. ಅಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲಿ ನನ್ನ ಗಂಡನ ತಾಳ್ಮೆ ಮುಗಿಯಿತು. ನಾನು ಇಳಿದು ಹೋಗಿ ಹೊಸ ಹಗ್ಗ, ಕೊರಳಿಗೆ ಕಟ್ಟುವ ಗಂಟೆ, ಹಿಂಡಿಯ ಚೀಲ ತಂದೆ. ಅವ್ವ ಹಗ್ಗವನ್ನು ಹಿಸುಕಿ ನೋಡಿ, ಒರಟಾಯಿತೆಂದು ನನ್ನನ್ನು ಮತ್ತೆ ಅಂಗಡಿಗೆ ಅಟ್ಟಿದಳು. ಖಾನಾಪುರದ ತನಕ ಗ್ಲಾಸು ಇಳಿಸಿಕೊಂಡು ಕೂತಳು. ಮಲಪ್ರಭೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಊರಿನ ಹಾದಿಗೆ ತಿರುಗಿದ ಮೇಲೆ ಹೊಸ ಹಗ್ಗವನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಮನೆಯ ಮುಂದಿನ ಕೆಸರಿನ ಮೇಲೆ ಅಣ್ಣ ಹಲಗೆ ಹಾಸಿದ್ದ. ಬೀದಿಯಲ್ಲಿ, ಅಂಗಳದ ಹೊರಗೆ, ಮೈ ತೊಳೆದ ಎಮ್ಮೆ ನಿಂತಿತ್ತು. ಅದರ ಬದಿಗೆ ಕರು. ಹಗ್ಗ ಹಿಡಿದು ವೈನಿ ನಿಂತಿದ್ದಳು, ತಲೆಯ ಮೇಲೆ ಸೆರಗು ಹೊದ್ದು, ತಾನೇ ತಪ್ಪು ಮಾಡಿದವಳಂತೆ ನೆಲ ನೋಡುತ್ತ. ನನಗೆ ಅವಳನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು, ಆದರೆ ಅದು ನನ್ನ ಸರದಿಯಾಗಿರಲಿಲ್ಲ.

ಅವ್ವ ಒಂದು ಕೈಯಲ್ಲಿ ವಾಕರ್ ಹಿಡಿದು, ಇನ್ನೊಂದು ಕೈಯಿಂದ ಎಮ್ಮೆಯ ಕಾಲಿಗೆ ನೀರು ಹಾಕಿದಳು. ಹಣೆಯ ಮೇಲೆ ಕೈಯಿಟ್ಟಳು. ಕೊರಳು, ಹೆಗಲು, ಬಲ ಹೆಗಲಿನ ಸುಳಿಯ ಮೇಲೆ ಬೆರಳು ನಿಂತಿತು. ಬೆನ್ನು, ಸೊಂಟ, ಬಾಲ. ಎಮ್ಮೆ ಒಮ್ಮೆ ಕಿವಿ ಆಡಿಸಿತು, ಅಷ್ಟೇ. ಅವ್ವ ವೈನಿಯ ಕಡೆ ತಿರುಗಿದಳು.

"ಯಾಕ ಇದ ಬೇಕಾತು ನಿನಗ?"

ವೈನಿ ಎಮ್ಮೆಯ ಕೊರಳು ಸವರಿದಳು. "ನೋಡಾಕ ಹೋದಾಗ ನನ್ನ ಕೈ ಮೂಸಿ ನೋಡ್ತು, ಅತ್ಯಾ. ಮೊದಲಿಂದ ಗುರ್ತ ಇದ್ದಂಗ" ಎಂದಳು.

"ಮನಸಿಗೆ ಬಂದಿತ್ತಲ್ಲ. ತಂದ ಕಟ್ಟಿದ್ದಿ. ಮತ್ತ ಹೊರಗ ಯಾಕ ಒಯ್ದಿ?"

"ನೀವು ಹ್ಞೂ ಅನ್ನದ ಹಾಲ ಹಿಂಡಾಕ ಕುಂತ್ರ ಕೈ ಬರವಲ್ದು" ಎಂದಳು ವೈನಿ.

ಅವ್ವ ವಾಕರ್ ಊರುತ್ತ ಕೊಟ್ಟಿಗೆಯ ಬಾಗಿಲಿಗೆ ಹೋದಳು. ಅಲ್ಲಿ ನಿಂತು ಕರೆಯಬೇಕಿತ್ತು. ನಾವೆಲ್ಲ ಕಾಯುತ್ತಿದ್ದೆವು. ಅವಳು ಬಾಗಿಲ ಬದಿಗೆ ಸರಿದು ನಿಂತಳು. "ಇಲ್ಲಿ ಬಾ. ನೀ ಕರಿ" ಎಂದಳು ಸೊಸೆಗೆ.

ವೈನಿ ಅಣ್ಣನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಹಗ್ಗವನ್ನು ಮಗಳ ಕೈಗೆ ಕೊಟ್ಟು ಬಾಗಿಲಲ್ಲಿ ಬಂದು ನಿಂತಳು. "ಬಾ" ಎಂದಳು, ಯಾರಿಗೂ ಕೇಳದಷ್ಟು ಮೆಲ್ಲಗೆ. ಎಮ್ಮೆ ಅಲುಗಲಿಲ್ಲ.

"ಅದಕ್ಕೇನ ಕನ್ನಡ ತಿಳೀತೈತಿ? ಮರಾಠಿ ಮನ್ಯಾಗ ಬೆಳದದ್ದು" ಎಂದಳು ಅವ್ವ. "ನಿನ್ನ ಮಾತಿನ್ಯಾಗ ಕರಿ. ಜೋರಲೇ ಕರಿ. ನಿನ್ನ ಮನಿ ಐತಿ."

ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಮನೆಯ ಬಾಗಿಲಲ್ಲಿ ನಿಂತು ಅವಳು ದನಿಯೆತ್ತಿದ್ದನ್ನು ನಾನು ಅದೇ ಮೊದಲು ಕೇಳಿದೆ. "ಯೇ ಗ ಬಾಯಿ, ಯೇ! ಘರಾತ ಯೇ!" ಎಂದು ಮರಾಠಿಯಲ್ಲಿ ಅದನ್ನು ಮನೆಯೊಳಗೆ ಕರೆದಳು. ಎಮ್ಮೆ ತಲೆಯೆತ್ತಿತು. ಕೆಸರಿನಿಂದ ಒಂದೊಂದೇ ಕಾಲು ಕಿತ್ತು, ಅಂಗಳ ದಾಟಿ, ಅವಳ ಮೈ ಸವರಿಕೊಂಡೇ ಒಳಗೆ ಹೋಯಿತು. ಕರು ಹಿಂದೆ ಓಡಿತು. ವೈನಿಯೂ ಅವುಗಳ ಹಿಂದೆ ಹೋದಳು. ಅಣ್ಣ, ಹುಡುಗಿ, ನನ್ನ ಗಂಡ ಎಲ್ಲರೂ ಒಳಗೆ ನುಗ್ಗಿದರು.

ಹೊರಗೆ ಉಳಿದವರು ಅವ್ವ ಮತ್ತು ನಾನು. ಅವ್ವ ವಾಕರ್ ಮೇಲೆ ಭಾರ ಹಾಕಿ ಖಾಲಿ ಬಾಗಿಲು ನೋಡುತ್ತ ನಿಂತಿದ್ದಳು. "ಇನ್ನ ನನ್ನ ಯಾರ ಕರೀತಾರ?" ಎಂದಳು. ಚೇಷ್ಟೆ ಮಾಡಲು ಹೊರಟಿದ್ದಳು, ಆದರೆ ಮಾತು ಬಾಯಿಂದ ಬರುವಷ್ಟರಲ್ಲಿ ಚೇಷ್ಟೆ ಉಳಿದಿರಲಿಲ್ಲ.

ಒಳಗಿನಿಂದ ವೈನಿ ಓಡಿ ಬಂದಳು. ಎರಡೂ ಕೈ ಚಾಚಿ, ಕನ್ನಡ ಮರೆತವಳಂತೆ, "ಯಾ ಅತ್ಯಾ, ಆತ ಯಾ" ಎಂದು ಮರಾಠಿಯಲ್ಲೇ ಒಳಗೆ ಕರೆದಳು. ಅವ್ವ ವಾಕರ್ ನನ್ನ ಕೈಗೆ ಕೊಟ್ಟು, ಅವಳ ಕೈ ಹಿಡಿದು ಒಳಗೆ ಹೋದಳು.